ಅಕ್ಕನ ಮಕ್ಕಳು ಬಾಲಮಂದಿರದಲ್ಲಿದ್ದಾರೆ. ಬೇರೆಯವರಿಗೆ ದತ್ತು ಕೊಡುವ ಮೊದಲು ನಾನು ಕರೆತರಬಹುದಾ?

ರಾಣೇಬೆನ್ನೂರಿನ ಚಿಗವ್ವ:

ಎಲ್ಲರಿಗೂ ನಮಸ್ಕಾರ. ನಮ್ಮದು ರಾಣೇಬೆನ್ನೂರು ಹತ್ತಿರದ ಹಳ್ಳಿ. ಯಜಮಾನರು ಬೈಕ್ ರಿಪೇರಿ ಮಾಡುತ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮಗೆ ಇಬ್ಬರು ಗಂಡುಮಕ್ಕಳು.

ನನ್ನ ಅಕ್ಕ ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಳು. ಅವಳನ್ನು ಬೇರೆ ಜಿಲ್ಲೆಗೆ ಕೊಟ್ಟಿದ್ದೆವು. ಭಾವ ಮೊದಲಿನಿಂದಲೂ ಕುಡಿಯುತ್ತಿದ್ದರು, ಅವಳು ಹೋದಮೇಲೆ ಹಿಡಿಯುವವರೇ ಇಲ್ಲದಂತಾಯಿತು. ಒಂದು ದಿನ ಕೆಲಸಕ್ಕೆಂದು ಹೋದವರು ತಿರುಗಿ ಬರಲಿಲ್ಲ. ಏಳು ವರ್ಷದ ಮಗಳು, ಮೂರೂವರೆ ವರ್ಷದ ಮಗ ಎರಡು ದಿನ ಬರೀ ಮಂಡಕ್ಕಿ ತಿಂದುಕೊಂಡು ಇದ್ದರಂತೆ. ಪಕ್ಕದ ಮನೆಯವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು.

ನನಗೆ ವಿಷಯ ಗೊತ್ತಾಗಿದ್ದು ಒಂದೂವರೆ ತಿಂಗಳ ಮೇಲೆ. ಓಡಿ ಹೋದೆ. ಹುಡುಗಿ ಬಾಲಕಿಯರ ಬಾಲಮಂದಿರದಲ್ಲಿದ್ದಳು. ಹುಡುಗ ಆರು ವರ್ಷದೊಳಗಿನವನು ಅಂತ ಅವನನ್ನು ಬೇರೆ ಕಡೆ, ದತ್ತು ಕೇಂದ್ರದಲ್ಲಿ ಇಟ್ಟಿದ್ದರು. ಅವಳು ನನ್ನ ಸೆರಗು ಹಿಡಿದು ಕೇಳಿದ್ದು ಒಂದೇ ಮಾತು. "ಚಿಗವ್ವ, ತಮ್ಮ ಎಲ್ಲದಾನ?"

ಅಲ್ಲಿದ್ದವರೊಬ್ಬರು "ದತ್ತು ಬೇಕಾದರೆ ಆನ್‌ಲೈನಲ್ಲಿ ಅರ್ಜಿ ಹಾಕಿ, ಎಲ್ಲರ ಹಾಗೆ ಸರದಿ ಕಾಯಿರಿ, ನಾಲ್ಕು ತಿಂಗಳಾದರೆ ಮಗು ಬೇರೆಯವರಿಗೆ ಹೋಗುತ್ತೆ" ಅಂದರು. ಈಗ ಮೂರು ತಿಂಗಳು ದಾಟಿದೆ. ನನಗೆ ರಾತ್ರಿ ನಿದ್ದೆ ಇಲ್ಲ. ಕೋರ್ಟಿಗೆ ಹೋಗಬೇಕಾ? ಇಬ್ಬರು ಮಕ್ಕಳಿದ್ದವರಿಗೆ ಕೊಡುವುದಿಲ್ಲ ಅಂತಲೂ ಕೇಳಿದೆ, ಅದು ನಿಜವಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊಳೆದಂಡೆ:

ಅಷ್ಟೆಲ್ಲ ಯಾಕೆ ಅಕ್ಕಾ, ನಿಮ್ಮ ಭಾವನನ್ನು ಹುಡುಕಿ ಬಾಂಡ್ ಪೇಪರ್ ಮೇಲೆ ದತ್ತುಪತ್ರ ಬರೆಸಿಕೊಳ್ಳಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಿದರೆ ಆಯಿತು. ನಮ್ಮ ಸಂಬಂಧಿಕರಲ್ಲಿ ಹಾಗೇ ಮಾಡಿದ್ದರು.

ನಿವೃತ್ತ ಟೀಚರ್:

ಬಾಂಡ್ ಪೇಪರ್ ದಾರಿ ಇವರಿಗೆ ಆಗುವುದಿಲ್ಲ. ಆ ಪತ್ರ 1956ರ ಹಿಂದೂ ದತ್ತಕ ಕಾಯ್ದೆಯ ಪ್ರಕಾರ ಆಗುವಂಥದ್ದು. ಅದರಲ್ಲಿ ಮಗ ಇದ್ದವರು ಇನ್ನೊಬ್ಬ ಹುಡುಗನನ್ನು ದತ್ತು ತೆಗೆದುಕೊಳ್ಳುವ ಹಾಗಿಲ್ಲ. ಇವರಿಗೆ ಇಬ್ಬರು ಗಂಡುಮಕ್ಕಳು. ಹುಡುಗಿ ಬಂದಾಳು, ಅವಳ ತಮ್ಮ ಅಲ್ಲೇ ಉಳಿದಾನು.

ತಂಗಿ, ಮೊದಲು ಗಾಬರಿ ಬಿಡಿ. ನಾನು ಒಂದು ಅವಧಿಗೆ, ಅಂದರೆ ಮೂರು ವರ್ಷ, ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯೆಯಾಗಿದ್ದೆ. ನಿಮ್ಮ ವಿಷಯ ತೀರ್ಮಾನ ಆಗುವುದು ಅಲ್ಲೇ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು ಇರುತ್ತಾರೆ. ನೋಡಲು ಸಾದಾ ಕೋಣೆ, ಆದರೆ 2015ರ ಬಾಲನ್ಯಾಯ ಕಾಯ್ದೆ ಅದಕ್ಕೆ ಮ್ಯಾಜಿಸ್ಟ್ರೇಟರ ಅಧಿಕಾರ ಕೊಟ್ಟಿದೆ. ವಕೀಲರು ಇಲ್ಲದೆಯೂ ನೀವೇ ಹೋಗಿ ಮಾತಾಡಬಹುದು.

ನಾಲ್ಕು ತಿಂಗಳಾದ ತಕ್ಷಣ ಮಗುವನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಅನಾಥ ಅಥವಾ ಕೈಬಿಟ್ಟ ಮಗು ದತ್ತಕ್ಕೆ ಮುಕ್ತ, ಅಂದರೆ ಕಾನೂನು ಪ್ರಕಾರ ದತ್ತು ಕೊಡಬಹುದು, ಎಂದು ಸಮಿತಿ ಹೇಳುವುದಕ್ಕೆ ಇರುವ ಗಡುವು ಅದು. ಎರಡು ವರ್ಷದೊಳಗಿನ ಮಗುವಿಗೆ 2 ತಿಂಗಳು, ದೊಡ್ಡ ಮಗುವಿಗೆ 4 ತಿಂಗಳು. ಅದಕ್ಕೂ ಮೊದಲು ತಂದೆ-ತಾಯಿ, ಸಂಬಂಧಿಕರನ್ನು ಹುಡುಕಬೇಕು, ವಿಚಾರಣೆ ಆಗಬೇಕು, ಕನಿಷ್ಠ ಮೂವರು ಸದಸ್ಯರು ಸೇರಿ ತೀರ್ಮಾನಿಸಬೇಕು. ಆದರೆ ಯಾರೂ ಬರದೇ ಇದ್ದರೆ ಸಮಿತಿಯ ಮುಂದೆ ಇರುವುದು ಖಾಲಿ ಫೈಲ್ ಮಾತ್ರ. ನಾನು ಅಂಥ ಫೈಲ್‌ಗಳಿಗೆ ಸಹಿ ಹಾಕಿದ್ದೇನೆ. ಆರು ತಿಂಗಳ ಮೇಲೆ ಒಬ್ಬ ಅಜ್ಜಿ ಬಂದು "ನನಗ ಯಾರೂ ಹೇಳಲಿಲ್ಲ" ಎಂದು ಅತ್ತಿದ್ದು ಇವತ್ತಿಗೂ ಮರೆತಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾಗಿ ನಾಳೆಯೇ ಸಮಿತಿಗೆ ಒಂದು ಅರ್ಜಿ ಬರೆಯಿರಿ. ಕೈಬರಹದಲ್ಲಿ ಒಂದು ಹಾಳೆ ಸಾಕು. "ನಾನು ಈ ಮಕ್ಕಳ ತಾಯಿಯ ತಂಗಿ. ಇಬ್ಬರನ್ನೂ ಒಟ್ಟಿಗೆ ಸಾಕಲು ತಯಾರಿದ್ದೇನೆ. ನನ್ನನ್ನು ಕೇಳದೆ ದತ್ತಕ್ಕೆ ಮುಕ್ತ ಎಂದು ಘೋಷಿಸಬೇಡಿ." ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಆಧಾರ್, ರೇಷನ್ ಕಾರ್ಡ್, ಅಕ್ಕನ ಮರಣ ಪ್ರಮಾಣಪತ್ರ, ನೀವಿಬ್ಬರೂ ಅಕ್ಕತಂಗಿಯರು ಎಂದು ತೋರಿಸುವ ಯಾವುದಾದರೂ ಕಾಗದ ಜೊತೆಗಿರಲಿ. ಯಜಮಾನರೂ ಬರಲಿ. ಅವರು ಒಪ್ಪಿದ್ದಾರಾ ಎಂದು ಖಂಡಿತ ಕೇಳುತ್ತಾರೆ.

ಮೊದಲೇ ದತ್ತು ಎಂದು ಹೊರಡಬೇಡಿ. ಸದ್ಯಕ್ಕೆ ಮಕ್ಕಳನ್ನು ನಿಮ್ಮ ಸುಪರ್ದಿಗೆ ಕೊಡಿ ಎಂದು ಕೇಳಿ. ಸಮಿತಿ ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಿಂದ ಮನೆ ವರದಿ ತರಿಸುತ್ತದೆ. ಬಂದವರು ಮಕ್ಕಳು ಎಲ್ಲಿ ಮಲಗುತ್ತಾರೆ, ಶಾಲೆ ಎಷ್ಟು ದೂರ ಎಂದು ನೋಡುತ್ತಾರೆ. ಚಿಕ್ಕ ಮನೆ ಎಂದು ನಾಚಿಕೊಳ್ಳಬೇಡಿ. ಬಾಲಮಂದಿರದಲ್ಲಿ ಇಡುವುದು ಕೊನೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ. ವರಮಾನ ಕಡಿಮೆ ಇದ್ದರೆ, ಹಳ್ಳಿಯಲ್ಲಿ ವರ್ಷಕ್ಕೆ 72,000 ರೂಪಾಯಿ ಒಳಗೆ, ಮಕ್ಕಳ ರಕ್ಷಣೆಗೆ ಇರುವ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿಗೆ ಅರ್ಜಿ ಹಾಕಬಹುದು.

ದತ್ತು ಆಮೇಲೆ. ಬಾಲನ್ಯಾಯ ಕಾಯ್ದೆಯಲ್ಲಿ ಚಿಕ್ಕಮ್ಮ 'ಸಂಬಂಧಿ'. ಆನ್‌ಲೈನ್ ನೋಂದಣಿ ನಿಮಗೂ ಇದೆ, ಸರದಿ ಮಾತ್ರ ಇಲ್ಲ. ಇಬ್ಬರು ಮಕ್ಕಳಿದ್ದವರಿಗೆ ಇರುವ ತಡೆ ಸಂಬಂಧಿಕರಿಗೆ ಅನ್ವಯಿಸುವುದಿಲ್ಲ. ತಂದೆಯ ಒಪ್ಪಿಗೆ ಬೇಕು, ಇಲ್ಲವೇ ಸಮಿತಿಯ ಅನುಮತಿ. ಐದು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳುತ್ತಾರೆ, ಅಂದರೆ ನಿಮ್ಮ ಹುಡುಗಿಯನ್ನು ಕೇಳುತ್ತಾರೆ. ಮೊದಲು ಕೊನೆಯ ಆದೇಶ ಜಿಲ್ಲಾ ಕೋರ್ಟಿನಿಂದ ಬರುತ್ತಿತ್ತು. 2022ರ ಸೆಪ್ಟೆಂಬರಿನಿಂದ ಅದು ಡಿಸಿ ಕೈಯಲ್ಲಿದೆ. ಸಮಿತಿಯ ಆದೇಶ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಕೋರ್ಟಿನ ಮೆಟ್ಟಿಲು ಹತ್ತುವ ಮಾತು ಅಲ್ಲಿ ಮಾತ್ರ.

ನಮಗೆ ತರಬೇತಿಯಲ್ಲಿ 1984ರ ಒಂದು ತೀರ್ಪನ್ನು ಮತ್ತೆ ಮತ್ತೆ ಓದಿಸುತ್ತಿದ್ದರು. ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ಅರ್ಜಿಯಾಯಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ತೀರ್ಪು. ಮಗು ಹೆತ್ತವರ ಹತ್ತಿರ ಬೆಳೆಯುವುದು ಮೊದಲು, ಅದು ಆಗದಿದ್ದರೆ ದೇಶದೊಳಗಿನ ದತ್ತು, ವಿದೇಶ ಕೊನೆಗೆ. ಒಂದು ಪತ್ರದಿಂದ ಅಷ್ಟಾಯಿತು. ನಿಮ್ಮ ಒಂದು ಹಾಳೆಯನ್ನೂ ಹಗುರ ಅಂದುಕೊಳ್ಳಬೇಡಿ ತಂಗಿ.

ಬಾಲಮಂದಿರದ ಹುಡುಗ:

ಅಕ್ಕಾ, ನಾನು 9ರಿಂದ 18ರವರೆಗೆ ಬಾಲಮಂದಿರದಲ್ಲೇ ಬೆಳೆದವನು. ಈಗ ಎಲೆಕ್ಟ್ರಿಷಿಯನ್. ಅಲ್ಲಿ ಊಟ, ಶಾಲೆ ಎಲ್ಲ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಭೇಟಿಯ ದಿನ ಬೆಳಗ್ಗೆಯೇ ತಲೆ ಬಾಚಿಕೊಂಡು ಗೇಟಿನ ಹತ್ತಿರ ಕೂರುತ್ತಿದ್ದೆವು. ಸಂಜೆ ಹಾಗೇ ಒಳಗೆ ಬರುತ್ತಿದ್ದೆವು.

ಟೀಚರ್ ಹೇಳಿದ್ದರ ಜೊತೆ ಒಂದು ಮಾತು. ಆದೇಶ ಬರುವವರೆಗೂ ಭೇಟಿ ಬಿಡಬೇಡಿ. ಪ್ರತಿ ಸಲ ಭೇಟಿ ಪುಸ್ತಕದಲ್ಲಿ ಹೆಸರು ಬರೆದು ಸಹಿ ಮಾಡಿ. ಅದು ನಿಮಗೆ ದಾಖಲೆ. ಮತ್ತೆ ಅಕ್ಕ-ತಮ್ಮನನ್ನು ಒಬ್ಬರಿಗೊಬ್ಬರು ತೋರಿಸಲು ಸಮಿತಿಯ ಅನುಮತಿ ಕೇಳಿ. ನನ್ನ ತಂಗಿಯನ್ನು ನಾನು ಎರಡು ವರ್ಷ ನೋಡಿರಲಿಲ್ಲ. ನೋಡಿದಾಗ ಅವಳಿಗೆ ನನ್ನ ಗುರುತು ಸಿಗಲಿಲ್ಲ.

ರಾಣೇಬೆನ್ನೂರಿನ ಚಿಗವ್ವ:

ಟೀಚರ್, ನಿಮ್ಮ ಉತ್ತರವನ್ನು ಯಜಮಾನರಿಗೆ ಎರಡು ಸಲ ಓದಿ ಹೇಳಿದೆ. ತಮ್ಮಾ, ನಿನ್ನ ಮಾತು ಓದಿ ಮಾತೇ ಬರಲಿಲ್ಲ.

ಅರ್ಜಿ ಬರೆದಾಯಿತು. ಅಕ್ಕ ಮತ್ತು ನಾನು ಓದಿದ್ದು ಒಂದೇ ಶಾಲೆ. ಇಬ್ಬರ ದಾಖಲೆಯಲ್ಲೂ ಅಪ್ಪನ ಹೆಸರು ಇದೆಯಂತೆ, ಹೆಡ್‌ಮಾಸ್ಟರ್ ನಾಳೆ ಕೊಡುತ್ತೇನೆ ಅಂದಿದ್ದಾರೆ. ಸೋಮವಾರ ಮೊದಲ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ಒಂದು ಸಣ್ಣ ಅಂಗಿ, ಒಂದು ಫ್ರಾಕು ಹೊಲಿದಿಟ್ಟಿದ್ದೇನೆ. ಹುಡುಗನ ಅಳತೆ ಮಾತ್ರ ನೆನಪಿನ ಮೇಲೆ ಹಾಕಿದ್ದು.