ಅಲಸಂದೆಗೆ ಪ್ರತಿ ವರ್ಷ ಹುಳು: ಡ್ರಮ್ಮಿನಲ್ಲಿ ಇಟ್ಟರೂ ಯಾಕೆ?

ಅಕ್ಕಡಿಸಾಲು:
ನಮ್ಮದು ಮಾಗಡಿ ಕಡೆ. ರಾಗಿ ಹೊಲದಲ್ಲಿ ಅಕ್ಕಡಿಗೆ, ಅಂದರೆ ರಾಗಿಯ ನಡುನಡುವೆ ಸಾಲು ಬಿಟ್ಟು, ಅಲಸಂದೆ, ತೊಗರಿ ಹಾಕುತ್ತೇವೆ. ರಾಗಿಯದ್ದು ತಕರಾರಿಲ್ಲ, ಮೂಟೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಏನೂ ಆಗಲ್ಲ. ಅಲಸಂದೆ ಮಾತ್ರ ಯುಗಾದಿ ಹೊತ್ತಿಗೆ ತೂತು ತೂತು. ತಗಡಿನ ಡ್ರಮ್ ತೊಳೆದು ಒಣಗಿಸಿ, ಬೇವಿನ ಸೊಪ್ಪು ಹಾಕಿ, ಮುಚ್ಚಳ ಮುಚ್ಚಿ ಇಡುತ್ತೇವೆ. ಆದರೂ ಹುಳು ಎಲ್ಲಿಂದ ಬರುತ್ತದೆ? ಅಂಗಡಿಯವರು ಮಾತ್ರೆ ಹಾಕಿ ಅಂತಾರೆ. ಅಮ್ಮ ಬೇಡವೇ ಬೇಡ ಅಂತಾರೆ. ಬಿತ್ತನೆಗೂ ಇದರಲ್ಲೇ ತೆಗೆದಿಡಬೇಕು.

ಶಿರಾ ಬಯಲು:
ಹುಳು ಡ್ರಮ್ಮಿಗೆ ಆಮೇಲೆ ಬಂದಿದ್ದಲ್ಲ. ಹೊಲದಿಂದ ಕಾಳಿನ ಜೊತೆಗೇ ಬಂದಿದೆ. ಗಿಡದಲ್ಲಿ ಕಾಯಿ ಒಣಗುವಾಗಲೇ ಈ ದುಂಬಿ ಬಂದು ಮೊಟ್ಟೆ ಇಡುತ್ತದೆ. ಒಂದು ಹಿಡಿ ಕಾಳು ಬಿಸಿಲಿಗೆ ಹಿಡಿದು ನೋಡಿ, ಸಿಪ್ಪೆ ಮೇಲೆ ಬಿಳಿ ಚುಕ್ಕೆ ಅಂಟಿರುತ್ತದೆ. ಅದೇ ಮೊಟ್ಟೆ. ಮರಿ ಅಲ್ಲಿಂದಲೇ ನೇರ ಒಳಗೆ ಕೊರೆದುಕೊಂಡು ಹೋಗುತ್ತದೆ, ಒಳಗೇ ತಿಂದು ಬೆಳೆದು, ದುಂಡಗೆ ತೂತು ಮಾಡಿ ದುಂಬಿಯಾಗಿ ಹೊರಗೆ ಬರುತ್ತದೆ. ಬೆಚ್ಚಗಿದ್ದರೆ ಇಷ್ಟಕ್ಕೆಲ್ಲ ಮೂರು ನಾಲ್ಕು ವಾರ ಸಾಕು. ಹೊರಗೆ ಬಂದ ದುಂಬಿ ಕಾಳು ತಿನ್ನುವುದೇ ಇಲ್ಲ, ಮೊಟ್ಟೆ ಇಟ್ಟು ಸಾಯುತ್ತದೆ. ಸುಗ್ಗಿಯಲ್ಲಿ ನಾಲ್ಕೈದು ಕಾಳಲ್ಲಿದ್ದ ಹುಳು ಯುಗಾದಿಗೆ ಡ್ರಮ್ಮಿನ ತುಂಬಾ ಆಗುವುದು ಹೀಗೆ. ರಾಗಿ ಉಳಿದುಕೊಳ್ಳುವುದು ಅದು ಸಣ್ಣ ಕಾಳು ಅಂತ. ಕಾಳಿನೊಳಗೆ ಬೆಳೆಯುವ ಹುಳುವಿಗೆ ಅಲ್ಲಿ ಜಾಗವೇ ಇಲ್ಲ.

ತಿನ್ನುವ ಕಾಳಿಗೆ ನಾವು ಮಾಡುವುದು ಇಷ್ಟು. ಕಣದಲ್ಲಿ ಒಣಹುಲ್ಲು ಹರಡಿ, ಮೇಲೆ ಕಪ್ಪು ಪ್ಲಾಸ್ಟಿಕ್, ಅದರ ಮೇಲೆ ಬೆರಳು ದಪ್ಪಕ್ಕೆ ಕಾಳು. ಮೇಲೆ ತೆಳು ಪಾರದರ್ಶಕ ಹಾಳೆ ಹೊದಿಸಿ ನಾಲ್ಕೂ ಅಂಚಿಗೆ ಕಲ್ಲು. ಕಾಳು 57 ಡಿಗ್ರಿ ಕಾದು ಒಂದು ಗಂಟೆ ಹಾಗೇ ಇದ್ದರೆ ಮೊಟ್ಟೆ, ಮರಿ, ದುಂಬಿ ಎಲ್ಲ ಸಾಯುತ್ತವೆ. ಫೆಬ್ರವರಿ, ಮಾರ್ಚ್ ಬಿಸಿಲಿಗೆ ನಡುಮಧ್ಯಾಹ್ನ ಅಷ್ಟು ಕಾಯುತ್ತದೆ. ಸುಮ್ನೆ ಅಂಗಳದಲ್ಲಿ ಹರಡಿದರೆ ದುಂಬಿ ಹಾರಿಹೋಗುತ್ತದೆ ಅಷ್ಟೇ, ಒಳಗಿನ ಮರಿ ಆರಾಮಾಗಿರುತ್ತದೆ. ಪೂರ್ತಿ ಆರಿದ ಮೇಲೆ ತುಂಬಿ. ಬಿಸಿ ಬಿಸಿ ತುಂಬಿದರೆ ಬೆವರುತ್ತದೆ.

ಬಿತ್ತನೆ ಕಾಳಿಗೆ ಈ ಪ್ಲಾಸ್ಟಿಕ್ ಕೆಲಸ ನಾನು ಮಾಡುವುದಿಲ್ಲ. ಕಾಳಲ್ಲಿ ಪಸೆ ಇದ್ದರೆ ಮೊಳಕೆ ಹೋಗುತ್ತದೆ. ಅದಕ್ಕೆ ಎಣ್ಣೆ. ಕಿಲೋಗೆ 5 ಮಿಲಿ, ಅಂದರೆ ಒಂದು ಟೀ ಚಮಚ. ಕೈಯಲ್ಲಿ ಚೆನ್ನಾಗಿ ಉಜ್ಜಿ ಎಲ್ಲ ಕಾಳಿಗೂ ಹತ್ತಿಸಬೇಕು. ಎಣ್ಣೆ ಕವಿದ ಮೊಟ್ಟೆ ಉಸಿರು ಕಟ್ಟಿ ಸಾಯುತ್ತದೆ. ಬೇವಿನೆಣ್ಣೆ ಆದೀತು, ಹರಳೆಣ್ಣೆಯೂ ಆದೀತು. ಬರೀ ಬೇವಿನ ಸೊಪ್ಪಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಹಸಿ ಸೊಪ್ಪಂತೂ ಕಾಳಿಗೆ ತೇವ ಕೊಡುತ್ತದೆ.

ತೊಗರಿಗೆ ಇಷ್ಟೆಲ್ಲ ಯಾಕೆ? ಕೆಮ್ಮಣ್ಣು ಕಟ್ಟಿ ಒಣಗಿಸಿ ಬೇಗ ಬೇಳೆ ಮಾಡಿಬಿಡಿ. ಈ ದುಂಬಿಗೆ ಬೇಕಾಗಿರುವುದು ಇಡೀ ಕಾಳು.

ಇಂಡಿ ಬಿಳಿಜೋಳ:
ನಮ್ಮ ವಿಜಯಪುರ ಕಡೆ ಜೋಳಕ್ಕೆ ಹಗೇವು ಇತ್ತು. ನೆಲ ಅಗೆದು, ಸುತ್ತ ಹುಲ್ಲು ಕೊಟ್ಟು, ಬಾಯಿ ತನಕ ಜೋಳ ತುಂಬಿ ಮಣ್ಣು ಮುಚ್ಚುವುದು. ಒಳಗಿನ ಗಾಳಿಯಲ್ಲಿರುವ ಆಮ್ಲಜನಕವನ್ನು ಕಾಳು, ಹುಳು ಸೇರಿ ಮುಗಿಸುತ್ತವೆ, ಆಮೇಲೆ ಹುಳುವೇ ಸಾಯುತ್ತದೆ. ನಿಮ್ಮ ಡ್ರಮ್ಮಿಗೂ ಅದೇ ಲೆಕ್ಕ. ಅರ್ಧ ತುಂಬಿ, ವಾರಕ್ಕೊಮ್ಮೆ ಮುಚ್ಚಳ ತೆಗೆದರೆ ಹುಳುವಿಗೆ ನೀವೇ ಗಾಳಿ ಕೊಟ್ಟ ಹಾಗೆ ಅಲ್ವಾ? ಹಳೇ ಹಗೇವು ಇನ್ನೂ ಇರುವವರಿಗೆ ಒಂದು ಮಾತು: ಬಾಯಿ ತೆರೆದ ಕೂಡಲೇ ಯಾರೂ ಇಳಿಯಬೇಡಿ. ಅದರಲ್ಲಿ ಜನ ಸತ್ತಿದ್ದಾರೆ. ಲಾಟೀನು ಇಳಿಬಿಟ್ಟು ನೋಡುವುದು ಹಿಂದಿನಿಂದ ಇದೆ, ಆದರೆ ದೀಪ ಉರಿದರೂ ಪೂರ್ತಿ ನಂಬುವ ಹಾಗಿಲ್ಲ.

ಉಗ್ರಾಣದವ:
ಮಾತ್ರೆ ವಿಷಯದಲ್ಲಿ ಅಮ್ಮ ಹೇಳಿದ್ದೇ ಸರಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಆ ವಿಷಕ್ಕೆ ಪ್ರತಿಮದ್ದಿಲ್ಲ. ಗೋದಾಮಿನಲ್ಲಿ ತರಬೇತಿ ಆದವರು, ಜನ ಇಲ್ಲದ ಕಡೆ, ಹೊದಿಕೆ ಹಾಕಿ ಬಳಸುವ ಮದ್ದು. ಜನ ಮಲಗುವ ಮನೆಯಲ್ಲಿ ಒಂದು ಮಾತ್ರೆಯೂ ಬೇಡ.

ಅಕ್ಕಡಿಸಾಲು:
ಬಿಳಿ ಚುಕ್ಕೆ ಇದೆ! ಇಷ್ಟು ದಿನ ಧೂಳು ಅಂದುಕೊಂಡಿದ್ದೆವು. ಗಾಳಿ ಆಡದ ಹಾಗೆ ಮುಚ್ಚಿದರೆ ಬೂಷ್ಟು ಹಿಡಿಯಲ್ವಾ? ಒಣಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಶಿರಾ ಬಯಲು:
ತೇವ ಇದ್ದರೆ ಖಂಡಿತ ಹಿಡಿಯುತ್ತದೆ. ಒಣಗಿದ ಗಾಜಿನ ಸೀಸೆಗೆ ಒಂದು ಹಿಡಿ ಕಾಳು, ಎರಡು ಚಮಚ ಒಣ ಉಪ್ಪು ಹಾಕಿ ಕುಲುಕಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇಕಡಾ 15ಕ್ಕಿಂತ ಜಾಸ್ತಿ ಅಂತ. ಅಂಟದಿದ್ದರೂ ಇನ್ನೆರಡು ಬಿಸಿಲು ತೋರಿಸಿ, ದ್ವಿದಳ ಕಾಳಿನ ತೇವ ಶೇಕಡಾ 10ರ ಹತ್ತಿರಕ್ಕೆ ಬರಬೇಕು. ಹಲ್ಲಲ್ಲಿ ಕಡಿದರೆ ಟಕ್ ಅಂತ ಒಡೆಯಬೇಕು, ಅದುಮಿಕೊಳ್ಳಬಾರದು. ಆಮೇಲೆ ದೊಡ್ಡ ಡ್ರಮ್ ಬಿಟ್ಟು ಸಣ್ಣ ಕ್ಯಾನುಗಳಲ್ಲಿ ತುಂಬಿ. ಸಾರಿಗೆ ಬೇಕಾದಾಗ ಒಂದನ್ನು ಮಾತ್ರ ತೆರೆದರೆ ಆಯಿತು.