ಅಪ್‌ಡೇಟ್: ತಮ್ಮ ಈಗ ತಾನಾಗಿಯೇ ರೇಷ್ಮೆ ಹುಳು ಮನೆಗೆ ಹೋಗುತ್ತಾನೆ

ವೀಲ್‌ಚೇರ್‌ನಲ್ಲಿ ಓಡಾಡುವ ನನ್ನ ತಮ್ಮನಿಗೆ ನಮ್ಮ ರೇಷ್ಮೆ ಹುಳು ಮನೆಯ ಮೆಟ್ಟಿಲು ಅಡ್ಡಿ, ಏನು ಮಾಡೋದು ಅಂತ ಇಲ್ಲಿ ಮುಂಚೆ ಕೇಳಿದ್ದೆನಲ್ಲಾ, ಶಿಡ್ಲಘಟ್ಟದ ಹತ್ತಿರದ ಹಳ್ಳಿಯಿಂದ. ಕೆಲಸ ಆಯ್ತು!

ಮೆಟ್ಟಿಲ ಮೇಲೆ ಹಲಗೆ ಹಾಕಿ ಅಂತ ಬಂದ ಸಲಹೆ ಉಪಯೋಗಕ್ಕೆ ಬರಲಿಲ್ಲ, ತುಂಬಾ ಕಡಿದು, ಚಕ್ರ ಜಾರುತ್ತಿತ್ತು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು ಅಂತ ಬರೆದವರಿಗೆ ದೊಡ್ಡ ನಮಸ್ಕಾರ, ಅದೇ ಸರಿಹೋಯ್ತು. ಅಷ್ಟು ಉದ್ದಕ್ಕೆ ಅಂಗಳ ಸಾಲಲಿಲ್ಲ ಅಂತ ಪಕ್ಕದ ಮನೆ ದೊಡ್ಡಪ್ಪ ತಾವೇ ಬೇಲಿ ಕಿತ್ತು ಜಾಗ ಬಿಟ್ಟುಕೊಟ್ಟರು, ಗಾರೆ ಕೆಲಸದವರು ಅರ್ಧ ಕೂಲಿ ಮಾತ್ರ ತಗೊಂಡರು. ಸಿಮೆಂಟು ಹಸಿ ಇದ್ದಾಗಲೇ ಪೊರಕೆಯಲ್ಲಿ ಗೆರೆ ಎಳೆಸಿದ್ವಿ, ಒದ್ದೆಯಾದರೂ ಜಾರಲ್ಲ.

ನಮಗೆ ಗೊತ್ತೇ ಇರದ ವಿಷಯ ಒಂದಿದೆ. ಗ್ರಾಮ ಪಂಚಾಯ್ತಿಯಲ್ಲಿ ಅಂಗವಿಕಲರಿಗಾಗಿಯೇ ವಿ.ಆರ್.ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಂತ ಇರುತ್ತಾರೆ. ತಮ್ಮನ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿಸಿದ್ದು ಅವರೇ. ನಿಮ್ಮ ಊರಲ್ಲೂ ಮೊದಲು ಅವರನ್ನು ಕೇಳಿ.

ಈಗ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಸಿದ ಗೋಣಿಚೀಲದ ಮೇಲೆ ಚಕ್ರ ಉರುಳಿಸಿಕೊಂಡು ಒಳಗೆ ಬರುತ್ತಾನೆ, ಹುಳಕ್ಕೆ ರೋಗ ಬರಬಾರದಲ್ವಾ. ಹುಳು ಗೂಡು ಕಟ್ಟುವ ತಟ್ಟೆ, ಅಂದರೆ ಚಂದ್ರಿಕೆಯಿಂದ ಗೂಡು ಬಿಡಿಸೋದರಲ್ಲಿ ಅವನ ಕೈ ನಮ್ಮೆಲ್ಲರಿಗಿಂತ ಚುರುಕು. ಮುಂದಿನ ಬೆಳೆಗೆ ಗೂಡಿನ ಮಾರ್ಕೆಟ್ಟಿಗೂ ಅವನೇ ಬರುತ್ತಾನಂತೆ, ಅಪ್ಪ ಆಗಲೇ ಆಟೋದವರ ಹತ್ತಿರ ಮಾತಾಡಿದ್ದಾರೆ.