ಎಡ ಬೀಜದ ಮೇಲೆ ನರಗಳ ಗಂಟು, ಮಾಘದಲ್ಲಿ ಮದುವೆ

ಕಾವಲಿ ಮುಂದಿನವನು:
ದಾವಣಗೆರೆಯ ಹೋಟೆಲೊಂದರಲ್ಲಿ ಬೆಣ್ಣೆದೋಸೆ ಹುಯ್ಯುತ್ತೇನೆ. ವಯಸ್ಸು 28. ಬೆಳಿಗ್ಗೆ ಆರಕ್ಕೆ ಕಾವಲಿಯ ಮುಂದೆ ನಿಂತರೆ ಹನ್ನೊಂದರವರೆಗೆ ಕದಲುವಂತಿಲ್ಲ. ಒಂದು ವರ್ಷದಿಂದ ಹೊತ್ತೇರಿದಂತೆ ಎಡ ಬೀಜ ಜಗ್ಗಿದ ಹಾಗೆ ನೋವು. ಮಲಗಿದರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ನಿಂತು ಮುಟ್ಟಿ ನೋಡಿದರೆ ಬೆಂದ ಶಾವಿಗೆಯ ಉಂಡೆಯಂಥದ್ದು ಕೈಗೆ ಸಿಗುತ್ತದೆ. (ಅಡುಗೆಯವನಿಗೆ ಹೋಲಿಕೆಯೂ ಅಡುಗೆಮನೆಯದೇ, ಕ್ಷಮಿಸಿ.) ಸೋದರಮಾವ ಅಂಡವಾಯು ಎಂದರು. ಸ್ಕ್ಯಾನಿಂಗ್ ವರದಿಯಲ್ಲಿ ‘ವೇರಿಕೋಸೀಲ್, ಗ್ರೇಡ್ 2’ ಎಂದಿದೆ. ನರ ಊದಿದರೆ ಮಕ್ಕಳಾಗುವುದಿಲ್ಲವೇ? ಹುಡುಗಿಗೆ ಹೇಳಬೇಕೇ?

ಸ್ಕ್ಯಾನಿಂಗ್ ಕೋಣೆಯಿಂದ:
ಅದು ನರವಲ್ಲ, ಅಶುದ್ಧ ರಕ್ತವನ್ನು ಮೇಲಕ್ಕೆ ಒಯ್ಯುವ ರಕ್ತನಾಳ. ಅದರೊಳಗಿನ ಕವಾಟಗಳು ಸಡಿಲವಾದರೆ ರಕ್ತ ಕೆಳಗೇ ನಿಂತು ನಾಳ ಹಿಗ್ಗುತ್ತದೆ. ಎಡಗಡೆಯ ನಾಳ ಮೂತ್ರಪಿಂಡದ ರಕ್ತನಾಳಕ್ಕೆ ಲಂಬವಾಗಿ ಸೇರುವುದರಿಂದ ತೊಂದರೆ ಹೆಚ್ಚಾಗಿ ಆ ಕಡೆಗೇ. ನೂರು ಗಂಡಸರಲ್ಲಿ ಸುಮಾರು 15 ಮಂದಿಗೆ ಇದು ಇರುತ್ತದೆ, ಬಹುಪಾಲು ಜನರಿಗೆ ಮಕ್ಕಳೂ ಆಗುತ್ತವೆ. ಬಲಗಡೆ ಮಾತ್ರ ಇದ್ದರೆ ಅಥವಾ ಮಲಗಿದರೂ ಇಳಿಯದಿದ್ದರೆ ಹೊಟ್ಟೆಯ ಸ್ಕ್ಯಾನಿಂಗ್ ಆಗಲೇಬೇಕು.

ಹಾಸನದ ಕಂಡಕ್ಟರ್:
ತಮ್ಮಾ, ನನಗೆ ಮದುವೆಯಾಗಿ ಮೂರು ವರ್ಷ ಮಗುವಾಗಲಿಲ್ಲ. ಅಷ್ಟೂ ದಿನ ರಕ್ತಪರೀಕ್ಷೆ, ಮಾತ್ರೆ, ಹರಕೆ ಎಲ್ಲವೂ ಹೆಂಡತಿಗೇ. ನನ್ನನ್ನು ಪರೀಕ್ಷಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗಂತೂ ಹೊಳೆಯಲೇ ಇಲ್ಲ. ಕೊನೆಗೆ ವೀರ್ಯ ಪರೀಕ್ಷೆ ಮಾಡಿಸಿದರೆ ಸಂಖ್ಯೆ ಕಡಿಮೆ. ತೊಡೆಸಂದಿಯಲ್ಲಿ ಸಣ್ಣದಾಗಿ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಹಿಗ್ಗಿದ ನಾಳಗಳನ್ನು ಕಟ್ಟಿದರು. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕಂತೆ, ಹಾಗಾಗಿ ಮೂರು ತಿಂಗಳ ನಂತರವೇ ಮರುಪರೀಕ್ಷೆ. ಈಗ ಮಗಳಿಗೆ ಆರು ವರ್ಷ. ಆಪರೇಷನ್ನಿನಿಂದಲೇ ಎಂದು ಆಣೆ ಮಾಡಲಾರೆ. ನೀನು ಮೊದಲು ಆ ಪರೀಕ್ಷೆ ಮಾಡಿಸು. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಹೋಗಬೇಕು.

ಕಾವಲಿ ಮುಂದಿನವನು:
ಮಾಡಿಸಿದೆ, ಅಣ್ಣಾ. ಮಿಲಿಲೀಟರಿಗೆ 41 ದಶಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ ಕೆಳಮಿತಿ 16 ಅಂತೆ. ಚಲನೆಯೂ ಸರಿಯಿದೆ. ಸದ್ಯ ಆಪರೇಷನ್ ಬೇಡ, ಬಿಗಿಯಾಗಿ ಎತ್ತಿಹಿಡಿಯುವ ಒಳಚಡ್ಡಿ ಹಾಕು, ನೋವು ಹೆಚ್ಚಾದರೆ ಬಾ ಎಂದರು ಮೂತ್ರರೋಗ ತಜ್ಞರು. ನಡುವೆ ಕೂರಲು ಒಂದು ಸ್ಟೂಲು ಕೇಳಿದ್ದೇನೆ. ಮಾಲೀಕರು ಮುಖ ನೋಡಿದರು, ಕಾರಣ ಹೇಳಲಿಲ್ಲ. ಹುಡುಗಿಗೆ ಮಾತ್ರ ವರದಿಯನ್ನೇ ಕಳಿಸಿದೆ. ಅರ್ಧ ಗಂಟೆ ಉತ್ತರವಿಲ್ಲ. ಆಮೇಲೆ, ‘ನನ್ನ ಥೈರಾಯ್ಡ್ ವರದಿಯೂ ಇದೆ, ಕಳಿಸಲೇ?’ ಎಂದಳು.